ಏರ್ ರೈಫಲ್‌ಗೆ ಇನ್ನೂ ಬಿರುಸಾದ ಸ್ಪ್ರಿಂಗ್ ಬೇಕೇ?

ಪ್ರಶ್ನೆ: ಕಡಿಮೆ ಬೆಲೆಗೆ 0.177 ಇಂಚು ನಳಿಗೆಯ ಸ್ಪ್ರಿಂಗ್ ಏರ್ ರೈಫಲ್ ಕೊಂಡಿದ್ದೇನೆ. ಪೆಲೆಟ್‌ಗಳು (ಅದರ ಸಣ್ಣ ಗುಂಡುಗಳು) ಒಂದೇ ಕಡೆ ಬೀಳುತ್ತಿಲ್ಲ. ಇನ್ನೂ ಬಿರುಸಾದ ಸ್ಪ್ರಿಂಗ್ ಹಾಕಿಸಿದರೆ ಸರಿಹೋದೀತೇ?
– ಓದುಗರೊಬ್ಬರು, ಜಗಳೂರು

ಉತ್ತರ: ದಯವಿಟ್ಟು ಹಾಕಿಸಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, ನಳಿಗೆಯ ಬಾಯಲ್ಲಿ ಪೆಲೆಟ್‌ನ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕಾಗುತ್ತದೆ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ ಆ ಶಕ್ತಿ ಸುಮಾರು 15.6 ಜೂಲ್, ಕಾಗದದ ಗುರಿಗೆ ಇದು ಧಾರಾಳವಾಯಿತು. ಬಿರುಸು ಹೆಚ್ಚಿದಷ್ಟೂ ಪೆಲೆಟ್ ನಳಿಗೆ ಬಿಡುವ ಮೊದಲೇ ಬಂದೂಕು ಹಿಂದೆ ಮುಂದೆ ಒದೆಯುವುದರಿಂದ ಗುರಿ ಇನ್ನಷ್ಟು ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅಗ್ಗದ ರೈಫಲ್‌ನಲ್ಲಿ ಮೊದಲು ನೋಡಬೇಕಾದದ್ದು ಮರದ ಹಿಡಿಯ ಸ್ಕ್ರೂಗಳನ್ನು. ಅವು ಒದೆತಕ್ಕೆ ಸಡಿಲಾಗುತ್ತವೆ. ಮುಂಭಾಗವನ್ನು ಬಿಗಿಯಾಗಿ ಹಿಡಿಯದೆ ಅಂಗೈ ಮೇಲೆ ಹಗುರವಾಗಿ ಇಟ್ಟುಕೊಂಡು, ಎರಡು ಮೂರು ಬಗೆಯ ಪೆಲೆಟ್‌ಗಳನ್ನು ಪರೀಕ್ಷಿಸಿ. ಗಾಳಿ ಒತ್ತುವ ಸಿಲಿಂಡರಿಗೆ ಎಣ್ಣೆ ಸುರಿಯಬೇಡಿ: ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು, ಗಾಳಿ ಸೋರದಂತೆ ತಡೆಯುವ ಪಿಸ್ಟನ್ ಸೀಲನ್ನು ಹಾಳುಮಾಡುತ್ತದೆ. ಪೆಲೆಟ್ ಇಲ್ಲದೆ ಹಾರಿಸುವುದೂ ಬೇಡ.

ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮವಿದೆ. ಅಲ್ಲಿಗಾಗಲೀ ಹೊಲದ ನವಿಲಿನ ಕಡೆಗಾಗಲೀ ರೈಫಲ್ ತಿರುಗಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಿಂದೆ ದಪ್ಪ ಮಣ್ಣಿನ ದಿಬ್ಬವಿರುವ ಜಾಗದಲ್ಲಿ ಮಾತ್ರ ಗುರಿಯನ್ನು ನಿಲ್ಲಿಸಿ.