ಡಬ್ಬಿ ಹುಡುಕೋರ ಪ್ರಶ್ನೆಗಳು

ಹೋದ ಸಂಚಿಕೇಲಿ, ಜರ್ಮನಿಯಲ್ಲಿದ್ದಾಗ ನಂಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿದಿತ್ತು ಅಂತ ಒಂದೇ ಒಂದ್ ಸಾಲು ಬರೆದಿದ್ದೆ, ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಹಾಗಾಗಿ ಈ ಸಲ ಅಡುಗೆ, ಅತ್ತೆ, ಬಾಡಿಗೆ ಮನೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಉತ್ತರ ಬರೀತೀನಿ. ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಕ್ಯಾಶ್ ಅಂದ್ರೆ ದುಡ್ಡಲ್ಲ ಕಣ್ರಪ್ಪಾ, ಯಾರೋ ಬಚ್ಚಿಟ್ಟ ಡಬ್ಬಿ. ಅದಿರೋ ಜಾಗದ ಅಕ್ಷಾಂಶ ರೇಖಾಂಶ ಆ್ಯಪಲ್ಲಿ ಹಾಕಿರ್ತಾರೆ, ನಾವು ಮೊಬೈಲ್ ಹಿಡ್ಕೊಂಡು ಹೋಗಿ ಹುಡುಕಿ, ಒಳಗಿರೋ ಕಾಗದದಲ್ಲಿ ಹೆಸರು ಬರೆದು, ಎಲ್ಲಿತ್ತೋ ಅಲ್ಲೇ ಇಟ್ಟು ಬರೋದು. "ಒಂದ್ ಡಬ್ಬಿಗೆ ಎಷ್ಟ್ ಸಿಗತ್ತೆ ಮೇಡಂ" ಅಂತ ನಂಜನಗೂಡಿನಿಂದ ಕೇಳಿದವರಿಗೆ ಉತ್ತರ: ಏನೂ ಸಿಗಲ್ಲ, ಚಪ್ಪಲಿ ಸವೆಯತ್ತೆ.

ಪ್ರಶ್ನೆ: ನಮ್ಮುಡ್ಗ ಓದಕ್ಕೆ ಅಂತ ಜರ್ಮನಿಗೆ ಹೋಗಿ ಒಂದೂವರೆ ವರ್ಸ ಆಯ್ತು ಕನಕ್ಕ. ಮೊದ್ಲು ದಿನಾ ಫೋನ್ ಮಾಡಿ ಊರಿಗ್ ಬಂದ್ಬುಡ್ತೀನಿ ಅಂತ ಅಳೋನು. ಈಗ ನೋಡುದ್ರೆ ಶನಿವಾರ ಬಂದ್ರೆ ಸಾಕು ಟಾರ್ಚ್ ಇಡ್ಕಂಡು ಕಾಡೊಳಿಕ್ಕೆ ಒಂಟೋಯ್ತಾನೆ, ಅದೇನೋ ಡಬ್ಬಿ ಉಡುಕ್ತಾನಂತೆ. ವೀಡಿಯೋ ಕಾಲಲ್ಲಿ ನಾನೇ ನೋಡ್ದೆ, ಕತ್ಲಲ್ಲಿ ಒಂದೊಂದ್ ಮರಕ್ಕೂ ಬೆಳಕ್ ಬುಟ್ಕಂಡು ಓಯ್ತಾವ್ನೆ. ಅವರಪ್ಪ ಇದು ನಿಧಿ ಗಿಧಿ ಸಾವಾಸ, ಯಾರೋ ಮಾಟ ಮಾಡ್ಸವ್ರೆ ಅಂತ ಗುಡಿ ತಾವ ತಡೆ ಒಡೆಸ್ಕಂಡ್ ಬಂದ್ರು. ಗಾಬರಿ ಪಡೋ ವಿಸ್ಯನಾ?
ಮದ್ದೂರು ತಾಲ್ಲೂಕಿನ ಒಬ್ಬ ತಾಯಿ

ಉತ್ತರ: ಅಮ್ಮಾ, ಒಂದೆರಡು ನಿಂಬೆಹಣ್ಣು ದಂಡ ಆಯ್ತು ಅಷ್ಟೇ, ಗಾಬರಿ ಬೇಡ. ಅವನು ಆಡ್ತಿರೋದು ನೈಟ್ ಕ್ಯಾಶ್ ಇರಬೇಕು. ಡಬ್ಬಿ ಇಟ್ಟವರು ಕಾಡಿನ ದಾರಿ ಉದ್ದಕ್ಕೂ ಮರಗಳಿಗೆ ಅಂಗಿ ಗುಂಡಿಯಷ್ಟು ಚಿಕ್ಕ ರಿಫ್ಲೆಕ್ಟರ್ ಪಿನ್ ಚುಚ್ಚಿರ್ತಾರೆ, ಹಗಲಲ್ಲಿ ಕಣ್ಣಿಗೇ ಬೀಳಲ್ಲ, ರಾತ್ರಿ ಟಾರ್ಚ್ ಬಿಟ್ರೆ ಬೆಕ್ಕಿನ ಕಣ್ ಥರ ಪಳಕ್ ಅನ್ನತ್ತೆ, ಒಂದರಿಂದ ಇನ್ನೊಂದಕ್ಕೆ ಹಾಗೇ ಹೋಗ್ತಾ ಹೋಗ್ತಾ ಕೊನೆಗೆ ಡಬ್ಬಿ. ಆ ದೇಶದಲ್ಲಿ ಇದನ್ನ ಆಡೋರು ಬೇಜಾನ್ ಜನ, ಅಮೆರಿಕ ಬಿಟ್ರೆ ಅತಿ ಹೆಚ್ಚು ಡಬ್ಬಿ ಇರೋದು ಅಲ್ಲೇ. ಅಜ್ಜ ಅಜ್ಜೀರೂ ಮೊಮ್ಮಕ್ಕಳನ್ನ ಕರ್ಕೊಂಡು ಹೋಗ್ತಾರೆ.

ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು "ದಿನಾ ಅಳೋನು" ಅನ್ನೋ ಮಾತು. ನನ್ ಕಥೇನೂ ಅದೇ ಆಗಿತ್ತಮ್ಮ. ನಮ್ಮನೆಯವರಿಗೆ ಸ್ಟುಟ್‌ಗಾರ್ಟಲ್ಲಿ ಕೆಲಸ, ಬೆಳಗ್ಗೆ ಹೋದ್ರೆ ಸಂಜೆ ಬರೋರು, ನಂಗೆ ಅಲ್ಲಿ ಭಾಷೆ ಬರಲ್ಲ, ನವೆಂಬರಲ್ಲಿ ಸಂಜೆ ಐದಕ್ಕೆಲ್ಲ ಕಾರ್ಗತ್ತಲು, ಸರಸ್ವತಿಪುರಂ ಮನೆ ಮುಂದೆ ಸೊಪ್ಪಿನವಳು ಕೂಗಿದ ಹಾಗೆ ಕೇಳಿಸಿ ಬಾಗಿಲು ತೆಗೆದಿದ್ದೂ ಉಂಟು. ಕೆಳಗಿನ ಮನೆ ಅಜ್ಜಿ ಒಬ್ಬರು ಒಂದಿನ ಕೈ ಹಿಡಿದು ಬಸ್‌ಸ್ಟಾಪಿಗೆ ಕರ್ಕೊಂಡ್ ಹೋಗಿ ಮೊಬೈಲ್ ತೋರಿಸಿ ಹುಡುಕು ಅಂತ ಸನ್ನೆ ಮಾಡಿದ್ರು. ಹತ್ತು ನಿಮಿಷ ಒದ್ದಾಡಿದೆ, ಬೆಂಚಿನ ಕೆಳಗೆ ಬಗ್ಗಿದೆ, ಹೋಗೋ ಬರೋರೆಲ್ಲ ನೋಡ್ತಿದ್ರು, ಕೊನೆಗೆ ಟೈಮ್‌ಟೇಬಲ್ ಬೋರ್ಡಿನ ಹಿಂದೆ ಬೆರಳಿಗೆ ಏನೋ ತಾಕ್ತು, ಹಳೇ ಕಾಲದ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ, ತಳಕ್ಕೆ ಮ್ಯಾಗ್ನೆಟ್ ಅಂಟಿಸಿದ್ದು. ಮುಚ್ಚಳ ತೆಗೆದ್ರೆ ಬೀಡಿ ಥರ ಸುತ್ತಿದ ಕಾಗದದ ಪಟ್ಟಿ, ಒಂದ್ ತುದಿ ಒದ್ದೆಯಾಗಿ ಇಂಕು ಹರಡಿತ್ತು, ಒಂದರ ಕೆಳಗೊಂದು ಹೆಸರು ತಾರೀಖು. ನಾನು ಕನ್ನಡದಲ್ಲೇ "ಮೈಸೂರು" ಅಂತ ಬರೆದು ಸುತ್ತಿ ಇಟ್ಟೆ. ವಾರ ಬಿಟ್ಟು ಆ ಡಬ್ಬಿಯ ಪೇಜಲ್ಲಿ ಯಾರೋ ಕೇಳಿದ್ರು, ಈ ಉಂಡುಂಡಗಿರೋ ಅಕ್ಷರ ಯಾವ ಭಾಷೇದು ಅಂತ. ಆ ಊರಲ್ಲಿ ನನ್ನನ್ನೇ ಉದ್ದೇಶಿಸಿ ಯಾರಾದ್ರೂ ಕೇಳಿದ ಮೊದಲ ಪ್ರಶ್ನೆ ಅದು.

ನೀವು ಅವನ ಹತ್ರ ಕೇಳಬೇಕಾಗಿರೋದು ಬೇರೆ ಒಂದಿದೆ, ಉಣುಗಿನ ವಿಷಯ. ದಕ್ಷಿಣ ಜರ್ಮನಿ ಕಾಡಲ್ಲಿ ಹುಲ್ಲು ಪೊದೆಯಿಂದ ಉಣುಗು ಹತ್ಕೊಂಡು ಮೆದುಳು ಜ್ವರ ಬರೋದುಂಟು, ನಮ್ ಮಲೆನಾಡಿನ ಮಂಗನ ಕಾಯಿಲೆ ವೈರಸ್ಸಿನ ದಾಯಾದಿ ಅದು. ಅದಕ್ಕೆ ಲಸಿಕೆ ಇದೆ, ಹಾಕಿಸ್ಕೊಂಡಿದ್ಯಾ ಅಂತ ಕೇಳಿ. ಉಣುಗಿಂದ ಬರೋ ಲೈಮ್ ಅನ್ನೋ ಇನ್ನೊಂದು ಕಾಯಿಲೆಗೆ ಆ ಲಸಿಕೆ ನಡೆಯಲ್ಲ, ಅದಕ್ಕೆ ತುಂಬು ಪ್ಯಾಂಟು ಹಾಕ್ಕೊಂಡು ಕಾಲುಚೀಲದೊಳಗೆ ಸಿಗಿಸ್ಕೊಂಡು ಹೋಗ್ಲಿ, ಮನೆಗೆ ಬಂದ ತಕ್ಷಣ ಮೈಯೆಲ್ಲ ನೋಡ್ಕೊಳ್ಲಿ. ಒಬ್ಬನೇ ಹೋಗ್ಬೇಡ ಅಂತಲೂ ಹೇಳಿ, ಕೇಳ್ತಾನೋ ಬಿಡ್ತಾನೋ.

ಪ್ರಶ್ನೆ: ಅಕ್ಕಾ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಾವು ಫ್ರೆಂಡ್ಸ್ ಸೇರ್ಕೊಂಡು ಸ್ಟೀಲ್ ಟಿಫನ್ ಬಾಕ್ಸಲ್ಲಿ ಚಾಕ್ಲೇಟು, ಕೀಚೈನು ಎಲ್ಲ ತುಂಬಿ ಶ್ರೀರಂಗಪಟ್ಟಣದ ಕೋಟೆ, ಕೆಆರ್‌ಎಸ್, ಕುಂತಿ ಬೆಟ್ಟ ಮೂರೂ ಕಡೆ ಇಡೋಣ ಅಂತಿದೀವಿ. ಸ್ಟೀಲ್ ಆದ್ರೆ ಮಳೆಗೆ ಹಾಳಾಗಲ್ಲ ಅಲ್ವಾ? ಮತ್ತೆ ಈ ಆಟ ಶುರು ಮಾಡಿದ್ದು ಯಾರು?
ಪಾಂಡವಪುರದ ವಿದ್ಯಾರ್ಥಿ

ಉತ್ತರ: ತಮ್ಮಾ, ಪುಣ್ಯಕ್ಕೆ ಇಡೋ ಮೊದಲು ಬರೆದೆ. ಅಣೆಕಟ್ಟಿನ ಹತ್ರ ವಾರಸುದಾರರಿಲ್ಲದ ಸ್ಟೀಲ್ ಡಬ್ಬಿ ಸಿಕ್ಕಿದ್ರೆ ಏನಾಗತ್ತೆ ಅಂತ ಒಂದ್ ನಿಮಿಷ ಯೋಚನೆ ಮಾಡು, ಬಾಂಬ್ ಸ್ಕ್ವಾಡು, ನಾಯಿ, ಟಿವಿಯವರು, ಆಮೇಲೆ ನಿಮ್ಮಪ್ಪ. ಕೆಆರ್‌ಎಸ್ಸು, ರೈಲ್ವೆ ಸ್ಟೇಷನ್ನು, ಅರಮನೆ ಸುತ್ತಮುತ್ತ, ದೇವಸ್ಥಾನ, ಸ್ಕೂಲು, ಇವು ಯಾವುದರ ಹತ್ರಾನೂ ಬೇಡ. ಪಟ್ಟಣದ ಕೋಟೆ ಪುರಾತತ್ವ ಇಲಾಖೆ ರಕ್ಷಣೆಯಲ್ಲಿದೆ, ಅಲ್ಲಿ ಕಲ್ಲು ಕದಲಿಸಿದ್ರೂ ತಪ್ಪೇ. ಕುಂತಿ ಬೆಟ್ಟಕ್ಕಾದ್ರೆ ಅರಣ್ಯ ಇಲಾಖೆಯವರನ್ನ ಕೇಳಿ ಬರಹದಲ್ಲಿ ಒಪ್ಪಿಗೆ ತಗೋ. ಕೊಟ್ರೂ ಬಂಡೆ ಸಂದಿ ಒಳಗೆ ಮಾತ್ರ ಇಡ್ಬೇಡ ಮಾರಾಯ, ಹುಡುಕೋನು ಕೈ ಹಾಕ್ತಾನೆ, ಅಲ್ಲಿ ಹಾವೋ ಚೇಳೋ ಕೂತಿರತ್ತೆ. ನಮ್ ಕಡೆ ಬೆಟ್ಟಗಳಲ್ಲಿ ಚಿರತೆ ಓಡಾಡೋದು ನಿಂಗೆ ನಾನೇನ್ ಹೇಳೋದು, ಸಂಜೆ ಮೇಲೆ ಹುಡುಕೋ ಹಾಗಿಲ್ಲ ಅಂತ ಪೇಜಲ್ಲೇ ಬರೆದುಬಿಡು.

ಚಾಕ್ಲೇಟ್ ಬೇಡವೇ ಬೇಡ. ತಿನ್ನೋ ವಸ್ತು ಡಬ್ಬೀಲಿ ಇಡಬಾರ್ದು ಅನ್ನೋದು ಆಟದ ನಿಯಮಾನೇ, ವಾಸನೆಗೆ ಪ್ರಾಣಿಗಳು ಬರ್ತವೆ ಅಂತ. ನಮ್ಮೂರಲ್ಲಿ ನಿಯಮ ಯಾರು ಹೇಳಬೇಕು, ಚಾಮುಂಡಿ ಬೆಟ್ಟದ ಕೋತಿಗಳನ್ನ ನೋಡಿದೋರಿಗೆ ಗೊತ್ತು, ಬ್ಯಾಗಿನ ಜಿಪ್ ತೆಗೆಯೋವಕ್ಕೆ ಟಿಫನ್ ಬಾಕ್ಸ್ ಯಾವ ಲೆಕ್ಕ. ಡಬ್ಬಿ ಒಳಗೆ ಕಾಣೋ ಅಂಥ ಪ್ಲಾಸ್ಟಿಕ್ಕಿದು ತಗೋ, ರಬ್ಬರ್ ಸೀಲ್ ಇರ್ಲಿ, ಮೇಲೆ ಇದು ಆಟದ ಡಬ್ಬಿ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರಿ. ನೆಲ ಅಗೆದು ಹೂಳೋ ಹಾಗಿಲ್ಲ, ನೆಲಕ್ಕೆ ತಾಕಿಸ್ಕೊಂಡೂ ಇಡ್ಬೇಡ, ನಮ್ ಗೆದ್ದಲು ಕಾಗದದ ವಾಸನೆ ಹಿಡಿದು ಬರತ್ತೆ. ಇನ್ನೊಬ್ಬರ ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಎಲ್ಲಕ್ಕಿಂತ ಮುಖ್ಯ, ಇಟ್ಟೋನು ಆಗಾಗ ಹೋಗಿ ನೋಡ್ಕೊಬೇಕು. ನೀನು ಕೋರ್ಸ್ ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋದ್ಮೇಲೆ ಕಾಗದ ಬದಲಾಯಿಸೋರು ಯಾರು? ಊರಲ್ಲೇ ಇರೋ ಒಬ್ಬ ತಮ್ಮನೋ ತಂಗಿನೋ ಒಪ್ಕೊಂಡ್ರೆ ಮಾತ್ರ ಕೈ ಹಾಕು. ಡಬ್ಬೀನೇ ಬೇಡ ಅಂದ್ರೆ ಅರ್ಥ್‌ಕ್ಯಾಶ್ ಅಂತ ಒಂದಿದೆ, ಬಂಡೆ ಬೆಟ್ಟ ನೋಡಿ ಪ್ರಶ್ನೆಗೆ ಉತ್ತರ ಕಳಿಸೋದಷ್ಟೇ, ಕುಂತಿ ಬೆಟ್ಟದ ಬಂಡೆಗಳಿಗೆ ಅದೇ ಸರಿ ಅನ್ನಿಸತ್ತೆ ನಂಗೆ.

ಶುರು ಮಾಡಿದ್ದು ಯಾರು ಅಂದ್ಯಲ್ಲ. 2000ನೇ ಇಸವಿ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ಸಿಗೆ ಬೇಕಂತಲೇ ತಪ್ಪು ಬೆರೆಸಿ ಬಿಡ್ತಿತ್ತು, 100 ಮೀಟರ್ ಆಚೀಚೆ ತೋರಿಸೋದು. ಮೇ 1ಕ್ಕೆ ಕ್ಲಿಂಟನ್ ಅದನ್ನ ನಿಲ್ಲಿಸ್ತೀವಿ ಅಂದ್ರು, ಮೇ 3ಕ್ಕೆ ಡೇವ್ ಅಲ್ಮರ್ ಅನ್ನೋರು ಒರೆಗಾನ್ ರಾಜ್ಯದ ಕಾಡಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಒಳಗೆ ಪುಸ್ತಕ, ವೀಡಿಯೋ, ಕವಣೆ, ಜೊತೆಗೊಂದು ಬೀನ್ಸ್ ಡಬ್ಬಿ ಹಾಕಿ, ಜಾಗದ ನಂಬರ್ ಇಂಟರ್ನೆಟ್ಟಿಗೆ ಬಿಟ್ರು. ನೋಡು, ಮೊದಲನೇ ಡಬ್ಬೀಲೇ ತಿನ್ನೋ ವಸ್ತು! ನಿಯಮ ಎಲ್ಲ ಆಮೇಲೆ ಬಂದಿದ್ದು.

ಇನ್ನೊಂದ್ ವಿಷಯ, ನಿನ್ನ ಊರ ಪಕ್ಕದ್ದೇ. 1799ರ ಶ್ರೀರಂಗಪಟ್ಟಣ ಯುದ್ಧಕ್ಕೆ ಬಂದಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಅಧಿಕಾರಿ, ರಾತ್ರಿ ದಂಡು ಹೋಗ್ತಿರೋವಾಗ ನಕ್ಷತ್ರ ನೋಡಿ, ನಾವು ದಿಕ್ಕು ತಪ್ಪಿ ಟಿಪ್ಪು ಸೈನ್ಯದ ಕಡೆಗೇ ನಡೀತಿದೀವಿ ಅಂದನಂತೆ. ಅದೇ ಮನುಷ್ಯ 1802ರಲ್ಲಿ ಮದ್ರಾಸಿನಿಂದ ಇಡೀ ದೇಶ ಅಳೆಯೋ ತ್ರಿಕೋನಮಿತಿ ಸರ್ವೆ ಶುರು ಮಾಡಿದ್ದು. ನಿನ್ನ ಮೊಬೈಲಲ್ಲಿ ನೀಲಿ ಚುಕ್ಕಿ ಕಂಡಾಗೆಲ್ಲ ನಂಗಂತೂ ಆ ದಾರಿ ತಪ್ಪಿದ ದಂಡು ನೆನಪಾಗತ್ತೆ.

ಪ್ರಶ್ನೆ: ಮೇಡಂ, ನಾವು ಕಲಬುರಗಿ ಕಡೆಯವರು, ಬ್ಯಾಂಕ್ ಟ್ರಾನ್ಸ್‌ಫರ್ ಮೇಲೆ ಮೈಸೂರಿಗೆ ಬಂದು ಎಂಟು ತಿಂಗಳಾತು. ಅರಮನೆ, ಝೂ, ಬೃಂದಾವನ ಎಲ್ಲ ನೋಡಿ ಮುಗಿಸೀವಿ. ಹುಡುಗರು ಮನ್ಯಾಗ ಮೊಬೈಲ್ ಹಿಡಕೊಂಡು ಕುಂತಿರ್ತಾವ, ಇಬ್ಬರೂ ಸಿಬಿಎಸ್‌ಇ, ಕನ್ನಡ ಓದೂದು ಅಷ್ಟಕ್ಕಷ್ಟ. ಈ ಆಟ ಇಲ್ಲಿ ಆಡಾಕ ಬರ್ತದೇನ್ರಿ?
ಕುವೆಂಪುನಗರ

ಉತ್ತರ: ಬರ್ತದ್ರೀ ಸರ್. ಆ್ಯಪ್ ಪುಕ್ಕಟೆ, ಹಾಕ್ಕೊಂಡು ಮ್ಯಾಪ್ ತೆಗೀರಿ, ಜರ್ಮನಿ ಥರ ಬೀದಿಗೊಂದು ಸಿಗಲ್ಲ ಅನ್ನೋದು ಮೊದಲೇ ತಿಳ್ಕೊಳ್ಳಿ. ಅದಕ್ಕೇ ನಾನು ವಾಪಸ್ ಬಂದ್ಮೇಲೆ ಮಾಡಿದ್ದು ಹೇಳ್ತೀನಿ, ನಮ್ಮಣ್ಣನ ಮಕ್ಕಳಿಗೆ ನಾನೇ ಮನೆ ಮಟ್ಟದ ಆಟ ಕಟ್ಟಿದೆ. ಒಂದೊಂದ್ ಜಾಗದಲ್ಲಿ ಒಂದೊಂದ್ ಅಂಕಿ ಹುಡುಕ್ಬೇಕು, ಎಲ್ಲ ಸೇರಿದ್ರೆ ಕೊನೆ ಜಾಗದ ಅಕ್ಷಾಂಶ ರೇಖಾಂಶ ಸಿಗತ್ತೆ. ಮೈಸೂರು ಸುಮಾರು 12 ಡಿಗ್ರಿ 18 ನಿಮಿಷ ಉತ್ತರ, 76 ಡಿಗ್ರಿ 39 ನಿಮಿಷ ಪೂರ್ವ, ಅಲ್ಲೀವರೆಗೆ ಬರೆದುಕೊಟ್ಟು ನಿಮಿಷದ ಪಾಯಿಂಟ್ ಆದ್ಮೇಲಿನ ಮೂರು ಅಂಕಿ ಮಾತ್ರ ಬಚ್ಚಿಟ್ಟೆ. ಅಕ್ಷಾಂಶದಲ್ಲಿ ಆ ಕೊನೆ ಅಂಕಿ ಒಂದು ತಪ್ಪಿದ್ರೆ ನೀವು ಎರಡು ಮೀಟರಿಗಿಂತ ಕಮ್ಮಿ ದೂರ ತಪ್ತೀರ, ಮೊದಲನೇದು ತಪ್ಪಿದ್ರೆ 185 ಮೀಟರ್. ನಮ್ಮ ದೊಡ್ಡ ಹುಡುಗ ಮೊದಲನೇದೇ ತಪ್ಪಿಸ್ಕೊಂಡು ಯಾರದೋ ಮನೆ ಕಾಂಪೌಂಡ್ ಮುಂದೆ ನಿಂತಿದ್ದ.

ಶುರು ದೊಡ್ಡ ಗಡಿಯಾರದಿಂದ ಮಾಡ್ಸಿ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು, ಅದರ ಮುಖದ ಮೇಲೆ ಅಂಕಿಗಳು ಕನ್ನಡದವು. ನಮ್ ಹುಡುಗರು ೬ ನೋಡಿ ಇದೇನ್ ಅತ್ತೆ ಇಂಗ್ಲಿಷ್ ಮೂರು ಉಲ್ಟಾ ಬರೆದವ್ರೆ ಅಂದ್ವು. ಕತ್ತು ನೋಯೋವರೆಗೂ ಮೇಲೆ ನೋಡಿ ನೋಡಿ ಹನ್ನೆರಡೂ ಕಲ್ತ್ಕೊಂಡ್ವು, ಗೆಲ್ಲೋ ಹಠಕ್ಕೆ. ಅಲ್ಲಿಂದ ದೇವರಾಜ ಮಾರ್ಕೆಟ್ಟಿನ ಒಂದು ಬಾಗಿಲಲ್ಲಿ ಮೆಟ್ಟಿಲು ಎಣಿಸೋದು, ಚಿಕ್ಕ ಗಡಿಯಾರ, ಕೊನೆಗೆ ಕುಕ್ಕರಹಳ್ಳಿ ಕೆರೆ ಏರಿ. ಮಾರ್ಕೆಟ್ಟಲ್ಲಿ ವೀಳ್ಯದೆಲೆ ಮಾರೋರು ಇವರ ಓಡಾಟ ನೋಡಿ ನೋಡಿ, ಏನ್ ಕಳ್ಕಂಡ್ರವ್ವಾ ಅಂತ ಮಾತಿಗಿಳಿದ್ರು. ನಿಮ್ಮ ಹುಡುಗರನ್ನೂ ಯಾರಾದ್ರೂ ಹಾಗೆ ಕೇಳ್ಲಿ ಸರ್, ಎಂಟು ತಿಂಗಳಲ್ಲಿ ಝೂ ಟಿಕೆಟ್ ಕೌಂಟರಿನವರು ಬಿಟ್ರೆ ಇನ್ಯಾರು ಮಾತಾಡ್ಸಿರ್ತಾರೆ ಅವರನ್ನ. ಕೊನೇ ಡಬ್ಬಿ ಮಾತ್ರ ಕೆರೆ ಹತ್ರ ಬಿಟ್ಟು ಬರಬೇಡಿ, ಜೇಬಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ ಇಟ್ಕೊಂಡು ನೀವೇ ಬೆಂಚ್ ಮೇಲೆ ಕೂತಿರಿ.

ಪ್ರಶ್ನೆ: ಆಂಟಿ, ಮದ್ವೆ ಆಗಿ ಮುಂದಿನ ತಿಂಗಳು ಕೆನಡಾಕ್ಕೆ ಹೋಗ್ತಿದೀನಿ. ಡಬ್ಬೀಲಿರೋದನ್ನ ನಾವು ತಗೋಬಹುದಾ? ಇಲ್ಲಿಂದ ಏನಾದ್ರೂ ತಗೊಂಡ್ ಹೋಗ್ಲಾ? ಮೈಸೂರ್ ಪಾಕ್ ಪುಟ್ಟ ಪುಟ್ಟ ಪ್ಯಾಕೆಟ್ ಮಾಡಿಸ್ಲಾ?
ಮಂಡ್ಯ

ಉತ್ತರ: ಮೈಸೂರ್ ಪಾಕ್ ನೀನೇ ತಿನ್ನು ಪುಟ್ಟ, ಕರಡಿಗೆ ಬೇಡ. ತಗೋಬಹುದು, ತಗೊಂಡಷ್ಟೇ ಬೆಲೆದು ಇನ್ನೊಂದು ಇಡಬೇಕು, ಪೆನ್ ನಿಂದೇ ಒಯ್ಯಬೇಕು. ಡಬ್ಬಿ ಸುಳಿವು ಕೆಲವು ಸಲ ತಲೆಕೆಳಗಾದ ಇಂಗ್ಲಿಷಲ್ಲಿ ಇರತ್ತೆ, 26 ಅಕ್ಷರದಲ್ಲಿ 13 ಮುಂದಕ್ಕೆ ಸರಿಸಿರ್ತಾರೆ, ಎ ಅಂದ್ರೆ ಎನ್. ಒತ್ತಕ್ಷರ ಇರೋ ನಮ್ ಕನ್ನಡಕ್ಕೆ ಹಂಗೆ ಮಾಡಿದ್ರೆ ದೇವರೇ ಗತಿ. ಇನ್ನೊಂದು, ರಜಕ್ಕೆ ವಾಪಸ್ ಬರೋವಾಗ ಸ್ಯಾಟಲೈಟಿಂದ ಮೆಸೇಜ್ ಕಳಿಸೋ ಡಿವೈಸನ್ನ ಚಾರಣಕ್ಕೆ ಅಂತ ಬ್ಯಾಗಲ್ಲಿ ಹಾಕ್ಕೊಂಡು ಬರಬೇಡ, ನಮ್ಮಲ್ಲಿ ಅದಕ್ಕೆ ಮೊದಲೇ ಪರ್ಮಿಷನ್ ಬೇಕು, ಏರ್‌ಪೋರ್ಟಲ್ಲಿ ಹಿಡೀತಾರೆ.

ಒಯ್ಯೋದಾದ್ರೆ ಚನ್ನಪಟ್ಟಣದ ಗೊಂಬೆ ಒಯ್ಯಿ, ಹೆಬ್ಬೆರಳಷ್ಟು ಚಿಕ್ಕವು. ಆಲೆ ಮರದ್ದು, ಮೇಲೆ ಅರಗಿನ ಬಣ್ಣ, ಹಗುರ. ಟ್ರಾವೆಲ್ ಬಗ್ ಅಂತ ನಂಬರ್ ಕೊರೆದ ಒಂದು ತಗಡಿನ ಬಿಲ್ಲೆ ಸಿಗತ್ತೆ, ಅದನ್ನ ಗೊಂಬೆಗೆ ಕಟ್ಟಿ ಡಬ್ಬೀಲಿ ಬಿಟ್ರೆ, ಸಿಕ್ಕಿದವರು ಇನ್ನೊಂದು ಊರಿನ ಡಬ್ಬಿಗೆ ಸಾಗಿಸಿ ನಂಬರ್ ಹಾಕಿ ಬರೀತಾರೆ, ನೀನು ಮನೇಲಿ ಕೂತು ಮ್ಯಾಪಲ್ಲಿ ನೋಡ್ಬಹುದು. ನಾನು ಹಳದಿ ಕೆಂಪು ಪಟ್ಟೆ ಇರೋ ಒಂದು ಪುಟ್ಟ ಆನೆ ಬಿಟ್ಟಿದ್ದೆ, ಅದನ್ನ ಮೈಸೂರಿನ ಕಡೆಗೆ ಸಾಗಿಸಿ ಅಂತ ಚೀಟಿ ಬರೆದು. ಜನಕ್ಕೆ ಎಲ್ಲಿ ಅರ್ಥ ಆಗ್ಬೇಕು, ಆಸ್ಟ್ರಿಯಾಕ್ಕೆ ಹೋಯ್ತು, ಆಮೇಲೆ ಇಟಲಿ, ಅಲ್ಲೊಬ್ಬರು ಹಿಮದ ಮೇಲೆ ನಿಲ್ಲಿಸಿ ಫೋಟೋ ತೆಗೆದು ಹಾಕಿದ್ರು, ಆಮೇಲೆ ಯಾಕೋ ಉತ್ತರಕ್ಕೆ ತಿರುಗಿ ನಾರ್ವೆ ಸೇರ್ಕೊಂಡ್ತು. ಕೊನೇಲಿ ಬರೆದಿರೋದು, ಡಬ್ಬಿ ಇದೆ, ಆನೆ ಇಲ್ಲ ಅಂತ, ಅಷ್ಟೇ. ನಾನು ವಾಪಸ್ ಬಂದು ಆರು ವರ್ಷ ಆಯ್ತು, ದಸರಾ ಹೊತ್ತಿಗೆ ಒಂದ್ ಸಲ ಆ ಪೇಜ್ ತೆಗೆದು ನೋಡ್ತೀನಿ.