‘ನನ್ನ ಕೈಲಾಗಲ್ಲ’ ಅನ್ನುವ ತಮ್ಮನಿಗೆ ಏನು ಹೇಳಲಿ?

ತಮ್ಮ ಸೆಕೆಂಡ್ ಪಿಯುಸಿ ಗಣಿತದಲ್ಲಿ ಫೇಲಾಗಿದ್ದಾನೆ, ‘ನಿನ್ನ ಕೈಲಾಗುತ್ತೆ ಕಣೋ’ ಅಂತ ಎಷ್ಟು ಹೇಳಿದರೂ ‘ಇಲ್ಲಕ್ಕ, ಆಗಲ್ಲ’ ಅನ್ನುತ್ತಾನೆ, ‘ಮುಂದಿನ ಸಲ 90’ ಅಂತ ಬರೆದು ಗೋಡೆಗೆ ಅಂಟಿಸಿದ ಚೀಟಿಯನ್ನು ಎರಡೇ ವಾರಕ್ಕೆ ಕಿತ್ತುಹಾಕಿದ ಅಂತ ಬರೆದಿದ್ದೀರಿ. ನಾನೂ ಅದೇ ವಿಷಯದಲ್ಲಿ ಫೇಲಾದವನು. 19 ಬಂದಿತ್ತು. ಈಗ ಸಂಜೆ ಹೊತ್ತು ಪಿಯುಸಿ ಹುಡುಗರಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಹಾಗಾಗಿ ಎರಡೂ ದಡ ನೋಡಿದ್ದೇನೆ.

ನಿಮ್ಮ ತಮ್ಮ ನೆಪ ಹೇಳುತ್ತಿಲ್ಲ. ‘ಕೈಲಾಗುತ್ತೆ’ ಅನ್ನುವ ಮಾತಿನಲ್ಲೇ ಕೈ ಇದೆ ನೋಡಿ. ಕೈ ಒಮ್ಮೆ ಮಾಡಿ ನೋಡಿದ್ದರೆ ಮನಸ್ಸು ಒಪ್ಪುತ್ತದೆ. ಅವನ ಹತ್ತಿರ ಸದ್ಯಕ್ಕಿರುವ ಸಾಕ್ಷಿ ಅಂಕಪಟ್ಟಿ ಒಂದೇ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ‘ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆಯ ಬಗ್ಗೆಯೇ ಒಂದು ಸಿದ್ಧಾಂತ ಮಂಡಿಸಿದರು. ಆ ನಂಬಿಕೆ ಹುಟ್ಟುವುದು ನಾಲ್ಕು ಕಡೆಯಿಂದ: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನೀವು ಇಷ್ಟು ದಿನ ಸುರಿದದ್ದೆಲ್ಲ ಮೂರನೆಯದು.

ಇನ್ನು ಆ 90ರ ಚೀಟಿ. 1981ರಲ್ಲಿ ಬಂಡೂರ ಮತ್ತು ಡೇಲ್ ಶಂಕ್ ಕಳೆಯುವ ಲೆಕ್ಕ ಬಾರದ, ಗಣಿತ ಅಂದರೆ ಮುಖ ತಿರುಗಿಸುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಪುಸ್ತಕ ಎಲ್ಲರಿಗೂ ಅದೇ, 42 ಪುಟ, ದಿನಕ್ಕೊಮ್ಮೆಯಂತೆ ಏಳು ಸಲ ಕೂತು ಕಲಿಯಬೇಕು. ಕೆಲವರಿಗೆ ‘ದಿನಕ್ಕೆ ಆರು ಪುಟ ಮುಗಿಸು’ ಅಂದರು. ಕೆಲವರಿಗೆ ‘ಕೊನೆಯ ದಿನದೊಳಗೆ 42 ಪುಟ ಮುಗಿಸು’ ಅಂದರು. ಇನ್ನು ಕೆಲವರಿಗೆ ಗುರಿಯನ್ನೇ ಕೊಡಲಿಲ್ಲ. ಲೆಕ್ಕ ಹಾಕಿದರೆ ಮೊದಲೆರಡು ಒಂದೇ ಅಲ್ಲವೇ? ಆದರೆ ದಿನಕ್ಕೆ ಆರು ಪುಟದವರು ಲೆಕ್ಕದಲ್ಲೂ, ‘ನನಗೆ ಬರುತ್ತೆ’ ಅನ್ನುವ ನಂಬಿಕೆಯಲ್ಲೂ ಮುಂದೆ ಹೋದರು; ಗಣಿತದ ಮೇಲೆ ಅವರಿಗೆ ಆಸಕ್ತಿಯೂ ಹುಟ್ಟಿತು. 42 ಪುಟದ ದೂರದ ಗುರಿಯಿಂದ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ನನಗೆ ಇದನ್ನು ಓದಿದಾಗ ಸ್ವಲ್ಪ ಸಿಟ್ಟೇ ಬಂದಿತ್ತು. ನಮ್ಮನೆಯಲ್ಲಿ ಎಲ್ಲರೂ ಕೊಟ್ಟದ್ದು 42 ಪುಟದ ಗುರಿಯೇ.

ಹತ್ತಿರದ ಗುರಿ ದಿನಾ ಸಂಜೆ ಒಂದು ಸಾಕ್ಷಿ ಕೊಡುತ್ತದೆ. 90 ಅನ್ನುವುದು ಫಲಿತಾಂಶ ಬರುವವರೆಗೂ ‘ಇನ್ನೂ ಆಗಿಲ್ಲ’ ಅಂತಲೇ ಗೋಡೆಯಿಂದ ಅಣಕಿಸುತ್ತದೆ. ಪಾಪ, ಕಿತ್ತುಹಾಕದೆ ಏನು ಮಾಡಿಯಾನು?

ನನ್ನ ಹತ್ತಿರ ಬರುವವರಿಗೆ ಮೊದಲ ದಿನವೇ ‘ಏನು ಬರಲ್ಲ?’ ಅಂತ ಕೇಳುತ್ತೇನೆ. ‘ಮ್ಯಾಥ್ಸೇ ಬರಲ್ಲ ಸರ್’ ಅಂತಾರೆ. ಪುಸ್ತಕ ತೆರೆಸಿ ಒಂದೊಂದೇ ಅಧ್ಯಾಯ ಕೇಳಿದರೆ, ಬಾರದ್ದು ಇಂಟಿಗ್ರೇಷನ್ನು, ಅದರೊಳಗೂ ಯಾವುದೋ ಒಂದು ಬಗೆಯ ಲೆಕ್ಕ. ‘ನಾನೇ ದಂಡ’ ಅನ್ನುವ ಮಾತು ‘ಈ ಲೆಕ್ಕ ಬರಲ್ಲ’ ಅನ್ನುವಷ್ಟಕ್ಕೆ ಇಳಿದರೆ ಹುಡುಗನ ಮುಖವೇ ಬದಲಾಗುತ್ತದೆ. ರಾತ್ರಿ ನಿದ್ದೆಯೂ ಬರುತ್ತದೆ, ಇದನ್ನು ಅವರ ಅಮ್ಮಂದಿರೇ ಹೇಳಿದ್ದಾರೆ.

ಆಮೇಲೆ ಎಲ್‌ಪಿಪಿ, ಅಂದರೆ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕಗಳಿಂದ ಶುರು ಮಾಡಿಸುತ್ತೇನೆ. ಚಿಕ್ಕ ಅಧ್ಯಾಯ, ಗ್ರಾಫ್ ಎಳೆದರೆ ಉತ್ತರ ಕಣ್ಣೆದುರೇ ಕಾಣುತ್ತದೆ. ದಿನಕ್ಕೆ ಮೂರು ಲೆಕ್ಕ: ಎರಡು ಬರುವಂಥದ್ದು, ಒಂದು ಸ್ವಲ್ಪ ತಿಣುಕಾಡಿಸುವಂಥದ್ದು. ಬರೀ ಸುಲಭದ್ದನ್ನೇ ಕೊಟ್ಟರೆ ಮೊದಲನೇ ಕಷ್ಟಕ್ಕೇ ಪುಸ್ತಕ ಮುಚ್ಚುತ್ತಾರೆ. ಮುಗಿದ ಲೆಕ್ಕಕ್ಕೆ ಅವನೇ ಟಿಕ್ ಹಾಕಲಿ, ನೀವು ಹಾಕಬೇಡಿ.

ಪಕ್ಕದ ಮನೆಯ 98 ತೆಗೆದವನ ಕಥೆ ಮಾತ್ರ ದಯವಿಟ್ಟು ಬೇಡ. ನನಗೆ ಆಸರೆಯಾದದ್ದು ಒಮ್ಮೆ ಫೇಲಾಗಿ ಪಾಸಾಗಿದ್ದ ಎದುರು ಮನೆಯ ಅಣ್ಣನ ನೋಟ್‌ಬುಕ್. ಅದರ ತುಂಬ ಕಾಟು ಹೊಡೆದ ಗೆರೆಗಳು. ಇವನೂ ನನ್ನ ಹಾಗೇ ತಪ್ಪು ಮಾಡಿದ್ದನಲ್ಲ ಅಂತ ಅದನ್ನೇ ತಿರುವಿ ಹಾಕುತ್ತಾ ಕೂತಿರುತ್ತಿದ್ದೆ.

ಒಂದು ವಿಷಯ ಪ್ರತ್ಯೇಕವಾಗಿ ಹೇಳಬೇಕು. ಊಟ ಬಿಟ್ಟಿದ್ದರೆ, ಯಾರ ಜೊತೆಗೂ ಸೇರದಿದ್ದರೆ, ‘ಬದುಕಿ ಏನು ಪ್ರಯೋಜನ’ ಅನ್ನುವಂಥ ಮಾತು ಬಂದಿದ್ದರೆ ಲೆಕ್ಕ, ಗುರಿ ಎಲ್ಲ ಬದಿಗಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗೇನೂ ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಫೀಸ್ ಕಟ್ಟಲು ಕೊನೆಯ ದಿನ ಯಾವತ್ತು ಅಂತ ನಾಳೆ ಕಾಲೇಜಿನಲ್ಲಿ ವಿಚಾರಿಸಬೇಕಲ್ಲ, ನೀವು ಹೋಗಬೇಡಿ. ಅವನನ್ನೇ ಕಳಿಸಿ.