ಬಾಡಿಯ ಬಣ್ಣ ಆಮೇಲೆ, ಮೊದಲು ನೆಕ್ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ತಂತಿ ವಾದ್ಯ

ಪ್ರಶ್ನೆ: ಸರ್, ನಾನು ಮೈಸೂರಿನ ಕುವೆಂಪುನಗರದವನು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಬಿಡಿ ಭಾಗ ತರಿಸಿ ನಾನೇ ಜೋಡಿಸಬೇಕು ಅಂತ ಬಹಳ ದಿನದ ಆಸೆ. ಬಾಡಿ (ಗಿಟಾರಿನ ಮೈ) ನಾಲ್ಕು ಸಾವಿರಕ್ಕೂ ಸಿಗುತ್ತದೆ, ನಲವತ್ತು ಸಾವಿರಕ್ಕೂ ಸಿಗುತ್ತದೆ. ನೆಕ್ (ಮೈಗೆ ಸೇರುವ ಉದ್ದನೆಯ ಕೋಲು) ಕತೆಯೂ ಅದೇ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ಆ ಹೊಳಪನ್ನು ಮರೆತುಬಿಡಿ. ಅದಕ್ಕೆ ಮರುಳಾಗಿ ದುಡ್ಡು ಕಳೆದುಕೊಂಡವನು ನಾನು. ಕೆಲವು ವರ್ಷಗಳ ಹಿಂದೆ ಒಬ್ಬರಿಂದ ಬಾಡಿ, ಇನ್ನೊಬ್ಬರಿಂದ ನೆಕ್ ತರಿಸಿದೆ. ಬಾಡಿಯ ಮೇಲೆ ಹುಲಿಪಟ್ಟೆಯಂಥ ಗೆರೆ, ಜೇನಿನ ಬಣ್ಣ, ಮನೆಗೆ ಬಂದವರೆಲ್ಲ ಸವರಿ ನೋಡಿದ್ದೇ ನೋಡಿದ್ದು. ತಂತಿ ಕಟ್ಟಿದ ಮೇಲೆ ಬಣ್ಣ ಬಯಲಾಯಿತು. ನೆಕ್ ಕೂರುವ ಗುಂಡಿ ಒಂದೂವರೆ ಮಿ.ಮೀ. ಅಗಲ ಜಾಸ್ತಿ, ಅದೂ ಸೊಟ್ಟಗೆ ಕೊರೆದದ್ದು. ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದರೆ ಸಾಕು, ಸಣ್ಣ ಇ ತಂತಿ ಅಂಚಿನಿಂದ ಜಾರಿ ಕೆಳಗೆ ಬೀಳುತ್ತಿತ್ತು. ಆ ಹುಲಿಪಟ್ಟೆಯೂ ಮರದ್ದಲ್ಲ, ಮುದ್ರಿಸಿದ ಹಾಳೆ ಅಂಟಿಸಿ ಮೇಲೆ ವಾರ್ನಿಶ್ ಹೊಡೆದಿದ್ದರು!

ಅಂದಿನಿಂದ ನನ್ನ ಲೆಕ್ಕ ಇಷ್ಟೇ: ದುಡ್ಡು ಕಡಿಮೆ ಇದ್ದರೆ ನೆಕ್ಕಿಗೆ ಹಾಕಿ. ಬಾಡಿ ಅಂದರೆ ಕೊನೆಗೂ ನಾಲ್ಕು ಗುಂಡಿ ತೋಡಿದ ಒಂದು ಹಲಗೆ, ತಪ್ಪಾದ ತೂತನ್ನು ಮರದ ಬೆಣೆ ಹೊಡೆದು ಮುಚ್ಚಬಹುದು, ಗುಂಡಿಗೆ ಚಕ್ಕೆ ಅಂಟಿಸಿ ಮತ್ತೆ ಕೊರೆಯಬಹುದು, ಈ ಕೆಲಸ ಯಾವ ಒಳ್ಳೆ ಬಡಗಿಗಾದರೂ ಬರುತ್ತದೆ. ನೆಕ್ ಹಾಗಲ್ಲ. ಒಂದು ಇಂಚೂ ದಪ್ಪ ಇಲ್ಲದ ಆ ಕೋಲು ಹಗಲೂ ರಾತ್ರಿ ಸುಮಾರು 40 ಕೆಜಿ ತಂತಿಯ ಎಳೆತ ತಡೆದುಕೊಂಡು ನೇರ ನಿಲ್ಲಬೇಕು. ತಿರುಚಿಕೊಂಡ ನೆಕ್ ಸೌದೆಗೆ ಮಾತ್ರ ಲಾಯಕ್ಕು. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 1970ರ ದಶಕದಲ್ಲಿ ಜೋಡಿಸಿಕೊಂಡ ಆ ಪಟ್ಟೆ ಪಟ್ಟೆ ಗಿಟಾರ್ ಗೊತ್ತಲ್ಲ, ಅದರ ಬಾಡಿ ಮರದಲ್ಲಿ ಗಂಟಿದೆ ಅಂತ ಪಕ್ಕಕ್ಕಿಟ್ಟಿದ್ದ ಎರಡನೇ ದರ್ಜೆಯ ಮಾಲು. ಅದಕ್ಕೆ ಅವರು ಕೊಟ್ಟದ್ದು 50 ಡಾಲರ್, ನೆಕ್ಕಿಗೆ 80.

ನೆಕ್ ಕೈಗೆ ಬಂದ ಕೂಡಲೇ ಬಂದೂಕಿಗೆ ಗುರಿ ಹಿಡಿಯುವ ಹಾಗೆ ಒಂದು ಕಣ್ಣು ಮುಚ್ಚಿ ಹಿಂಬದಿಯಿಂದ ಉದ್ದಕ್ಕೂ ನೋಡಿ. ಎರಡೂ ಅಂಚು ನೇರ ಇರಬೇಕು. ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಗಾಬರಿ ಬೇಡ, ಟ್ರಸ್ ರಾಡ್ (ನೆಕ್ ಒಳಗೆ ಹೂತ ಲೋಹದ ಸರಳು) ಇರುವುದೇ ಅದಕ್ಕೆ. ಆದರೆ ಒಂದು ಅಂಚು ಏರಿ ಇನ್ನೊಂದು ಇಳಿದಿದ್ದರೆ ಅದು ತಿರುಚು, ಟ್ರಸ್ ರಾಡ್ ಅದನ್ನು ಸರಿಮಾಡುವುದಿಲ್ಲ, ವಾಪಸ್ ಕಳಿಸಿ. ಆಮೇಲೆ ಕೀ ಹಾಕಿ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ. ಹಿಡಿತ ಸಿಗಬೇಕು, ನೆಕ್ ಒಂದಿಷ್ಟಾದರೂ ಅಲುಗಬೇಕು. ಬರೀ ಗಿರಗಿರ ತಿರುಗಿದರೆ ಒಳಗೆ ಏನೋ ಕಿತ್ತುಹೋಗಿದೆ. ಅಲ್ಲಾಡದೆ ಕಲ್ಲಿನ ಹಾಗೆ ಕೂತಿದ್ದರೆ ಬಲವಂತ ಮಾಡಬೇಡಿ.

ಫ್ರೆಟ್‌ಗಳ ಎತ್ತರ ನೋಡುವುದಕ್ಕೆ ಉಪಕರಣ ಬೇಕಿಲ್ಲ, ಹಳೇ ಎಟಿಎಂ ಕಾರ್ಡ್ ಸಾಕು. ನೆಕ್ ನೇರ ಮಾಡಿಕೊಂಡು ಕಾರ್ಡಿನ ಅಂಚನ್ನು ಒಂದು ಸಲಕ್ಕೆ ಮೂರು ಫ್ರೆಟ್ ಮೇಲೆ ಇಡಿ, ಏತದ ಹಾಗೆ ಆಡಿದರೆ ನಡುವಿನದು ಎತ್ತರ ಅಂತ. ಒಂದೆರಡು ಹಾಗಿದ್ದರೆ ಉಜ್ಜಿಸಿಕೊಳ್ಳಬಹುದು, ಹತ್ತು ಕಡೆ ಆಡಿದರೆ ಬೇಡ. ಇನ್ನು ಅಳತೆ. ಫೆಂಡರ್ ಮಾದರಿಯಲ್ಲಿ ತಂತಿಯ ಲೆಕ್ಕದ ಉದ್ದ 25.5 ಇಂಚು, ಅಂದರೆ 648 ಮಿ.ಮೀ. ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ ಬರಬೇಕು: ನಟ್‌ನ ಒಳ ಅಂಚಿನಿಂದ (ನಟ್ ಅಂದರೆ ನೆಕ್ಕಿನ ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) 324. ಒಂದು ಮಿ.ಮೀ. ಆಚೀಚೆ ಆದರೂ ಶ್ರುತಿ ಕೈಕೊಡುತ್ತದೆ. ನಮ್ಮ ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಶ್ರುತಿ ತಪ್ಪಿದರೆ ಮೇಣ ತೆಗೆದು ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನಲ್ಲಿ ಮರಕ್ಕೆ ಗಾಡಿ (ಸಣ್ಣ ಸೀಳು) ಕೊಯ್ದು ಫ್ರೆಟ್ ಬಡಿದಿರುತ್ತಾರೆ, ತಪ್ಪಿದರೆ ತಪ್ಪಿದ್ದೇ.

ಹಿಮ್ಮಡಿ, ಅಂದರೆ ಬಾಡಿಯೊಳಗೆ ಕೂರುವ ತುದಿಯ ಫೋಟೋ ಕೇಳಿ. ಅಲ್ಲಿ ಮರದ ಎಳೆ ಕಾಣುತ್ತದೆ. ಎಳೆಗಳು ಒತ್ತಾಗಿ, ಒಂದೇ ಸಮನಾಗಿ ಇರಬೇಕು. ನಿಂತ ಎಳೆಯೋ ಮಲಗಿದ ಎಳೆಯೋ ಅಂತ ಜನ ಬಹಳ ಜಗಳ ಆಡುತ್ತಾರೆ. ಚೆನ್ನಾಗಿ ಒಣಗಿದ್ದರೆ ಎರಡೂ ನಡೆಯುತ್ತವೆ. ಆದರೆ ಪಕ್ಕದಿಂದ ನೋಡಿದಾಗ ಎಳೆ ಉದ್ದಕ್ಕೆ ಹೋಗದೆ ಓರೆಯಾಗಿ ಹೊರಗೆ ಓಡಿದ್ದರೆ, ಅದರಲ್ಲೂ ತಲೆಯ ಹತ್ತಿರ, ಆ ನೆಕ್ ಬೇಡ. ಗಂಟಿರುವುದೂ ಬೇಡ.

ಬಾಡಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ನೆಕ್ ಕೂರುವ ಗುಂಡಿ ಒಂದೇ. ಅಗಲ ಸುಮಾರು 56 ಮಿ.ಮೀ., ಆಳ 16ರ ಹತ್ತಿರ. ಕಾಲೇಜಿನಲ್ಲಿ ಬಳಸಿದ ವರ್ನಿಯರ್ ಕ್ಯಾಲಿಪರ್ ಇದ್ದರೆ ಹೊರಗೆ ತೆಗೆಯಿರಿ. ನೆಕ್ ಸುಮ್ನೆ ಒತ್ತಿದರೆ ಕೂರಬೇಕು, ಸಂದಿನಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಬಾರದು. ಸುತ್ತಿಗೆ ಬೇಕಾಗುವಷ್ಟು ಬಿಗಿ ಇದ್ದರೂ ಕಷ್ಟ, ಹವೆ ಬದಲಾದಾಗ ಬಣ್ಣ ಬಿರಿಯುತ್ತದೆ. ಗುಂಡಿಯ ತಳದಲ್ಲಿ ದಪ್ಪ ಬಣ್ಣ ಇದ್ದರೆ ಕೆರೆದು ಮರ ಕಾಣಿಸಿ. ಆಮೇಲೆ ನಟ್‌ನ ಎರಡು ಕೊನೆಯ ಗಾಡಿಗಳಿಂದ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಕುದುರೆ) ಬರುವ ಜಾಗದವರೆಗೆ ಎರಡು ದಾರ ಎಳೆದು ನೋಡಿ, ಎರಡೂ ಬದಿ ಅಂಚಿನಿಂದ ಒಂದೇ ದೂರ ಇರಬೇಕು. ಈ ದಾರದ ಪರೀಕ್ಷೆಯನ್ನು ನಾನು ಆವತ್ತು ಮಾಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಬ್ರಿಡ್ಜ್ ತೂತು ಹಾಕದ ಬಾಡಿ ಸಿಕ್ಕರೆ ನಾನು ಅದನ್ನೇ ಕೊಳ್ಳುತ್ತೇನೆ, ನೆಕ್ ಕೂರಿಸಿ, ದಾರ ಎಳೆದು, 648 ಅಳೆದು, ಆಮೇಲೆ ಡ್ರಿಲ್.

ದಪ್ಪ 44-45 ಮಿ.ಮೀ. ಇರಲಿ. ಅಗ್ಗದವು 40ಕ್ಕೆ ಇಳಿದಿರುತ್ತವೆ, ಪೂರ್ತಿ ಉದ್ದದ ಟ್ರೆಮೊಲೋ ಬ್ಲಾಕ್ (ಬ್ರಿಡ್ಜ್ ಕೆಳಗಿನ ಲೋಹದ ಗಟ್ಟಿ) ಹಿಂದೆ ಚಾಚಿಕೊಳ್ಳುತ್ತದೆ. ಮರದ ಜಾತಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗ ಆಶ್ ಮರ, 1956ರಿಂದ ಹೆಚ್ಚಾಗಿ ಆಲ್ಡರ್. 2020ರಲ್ಲಿ ಕೀಟದ ಕಾಟ, ನೆರೆ ಎಲ್ಲ ಸೇರಿ ಆಶ್ ಸಿಗುವುದೇ ಕಷ್ಟವಾಗಿ ಫೆಂಡರ್‌ನವರೇ ಅದರ ಬಳಕೆ ತಗ್ಗಿಸಿದರು. ಎರಡು ಮೂರು ತುಂಡು ಅಂಟಿಸಿದ ಬಾಡಿಯೂ ತಪ್ಪೇನಲ್ಲ. ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಂತದ ಭಾಗ) ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಪ್ಲೈವುಡ್ ಪದರ ಕಂಡರೆ ಮಾತ್ರ ಬೆಲೆ ಚೌಕಾಸಿ ಮಾಡಿ.

ಒಂದು ಮರೆತಿದ್ದೆ. ಸ್ಟ್ರಾಟ್ ನೆಕ್ಕಿನ ಹಿಮ್ಮಡಿ ದುಂಡಗೆ, ಫೆಂಡರಿನದೇ ಇನ್ನೊಂದು ಮಾದರಿ ಟೆಲಿಕಾಸ್ಟರಿನದು ಚಪ್ಪಟೆ. ಇದನ್ನು ನೋಡದೆ ಆರ್ಡರ್ ಮಾಡಿ ಫೋನ್ ಮಾಡುವವರು ಇದ್ದಾರೆ.

ಪ್ರಶ್ನೆ: ಸಾರ್, ನಮ್ಮದು ಮಂಡ್ಯ. ಅಪ್ಪ ಬಡಗಿ. ಹಳೇ ಮನೆ ಕೆಡವಿದ್ದರಿಂದ ತೇಗದ ಬಾಗಿಲುವಾಡ ಉಳಿದಿದೆ. ಅದರಲ್ಲಿ ಗಿಟಾರ್ ಬಾಡಿ, ನೆಕ್ ಎರಡೂ ಮಾಡಬಹುದಾ?

ಉತ್ತರ: ಬಾಡಿ ಖಂಡಿತ ಮಾಡಿ. ಅಷ್ಟು ವರ್ಷ ಒಣಗಿದ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಹುಡುಗನಾಗಿದ್ದಾಗ 1963ರಲ್ಲಿ ಅಪ್ಪನ ಜೊತೆ ಕೂತು ಗಿಟಾರ್ ಕಟ್ಟಲು ಶುರುಮಾಡಿದರು, ಅದರ ನೆಕ್ ಹಳೇ ಮನೆಯೊಂದರ ಅಗ್ಗಿಷ್ಟಿಕೆಯ ಮರದ್ದು. ಆಮೇಲೆ ದಶಕಗಳ ಕಾಲ ಹೆಚ್ಚಾಗಿ ಅದನ್ನೇ ನುಡಿಸಿದ್ದಾರೆ. ನಿಮಗೂ ಅಪ್ಪ ಇದ್ದಾರೆ, ಮರ ಇದೆ.

ಆದರೆ ತೇಗ ಭಾರ. ಆಲ್ಡರಿನಲ್ಲಿ 1.8 ಕೆಜಿ ತೂಗುವ ಬಾಡಿ ತೇಗದಲ್ಲಿ ಎರಡೂವರೆ ದಾಟುತ್ತದೆ, ಒಂದು ಗಂಟೆ ನಿಂತು ನುಡಿಸಿದರೆ ಹೆಗಲಿಗೆ ಗೊತ್ತಾಗುತ್ತದೆ. ಹಾಗಾಗಿ ಒಳಗೆ ಅಲ್ಲಲ್ಲಿ ಟೊಳ್ಳು ಬಿಡಿ. ತೇಗದಲ್ಲಿ ಎಣ್ಣೆ ಅಂಶ ಇದೆ, ಅಂಟು ಹಚ್ಚುವ ಮುಂಚೆ ಥಿನ್ನರಿನಲ್ಲಿ ಒರೆಸಬೇಕು. ಇದನ್ನು ನಿಮ್ಮ ತಂದೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಹಳೇ ಮೊಳೆಗಳನ್ನು ಆಯಸ್ಕಾಂತ ಆಡಿಸಿ ಹುಡುಕಿ ಕೀಳಿಸಿ.

ನೆಕ್ ಮಾತ್ರ ಮೊದಲ ಸಲಕ್ಕೆ ಕೊಂಡುಕೊಳ್ಳಿ. ಫ್ರೆಟ್ ಗಾಡಿ ಕೊಯ್ಯುವುದಕ್ಕೂ ಟ್ರಸ್ ರಾಡ್ ಹೂಳುವುದಕ್ಕೂ ಬೇರೆಯೇ ಗರಗಸ, ಬೇರೆಯೇ ಅಭ್ಯಾಸ ಬೇಕು. ಅದಕ್ಕಿಂತ ಮುಖ್ಯ, ನೆಕ್ ಮನೆಗೆ ಬರುವ ತನಕ ಬಾಡಿಯಲ್ಲಿ ಅದರ ಗುಂಡಿ ಕೊರೆಯಬೇಡಿ. ನಕ್ಷೆಯ ಅಳತೆ ನಂಬದೆ ನೆಕ್ಕನ್ನೇ ಇಟ್ಟು ಗೆರೆ ಎಳೆದು ಕೊರೆದರೆ, ನಲವತ್ತು ಸಾವಿರದ ಬಾಡಿಗಿಂತ ನಿಮ್ಮದೇ ಬಿಗಿಯಾಗಿ ಕೂರುತ್ತದೆ.

ಪ್ರಶ್ನೆ: ನೆಕ್ ಮೇಲೆ ‘ಫೆಂಡರ್ ಲೈಸೆನ್ಸ್’ ಅಂತ ಮುದ್ರೆ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದೇ? (ಸರಸ್ವತಿಪುರಂನಿಂದ)

ಉತ್ತರ: ಕಣ್ಣು ಮುಚ್ಚಿ ಬೇಡ. ಆ ಮುದ್ರೆಯ ಅರ್ಥ, ಫೆಂಡರಿನ ತಲೆಯ ಆಕಾರ ಬಳಸಲು ಅನುಮತಿ ಪಡೆದಿದ್ದಾರೆ ಅಂತ. ತಲೆಯ ಆಕಾರ ಅವರ ಟ್ರೇಡ್‌ಮಾರ್ಕ್. ಬಾಡಿಯ ಆಕಾರಕ್ಕೂ ಅದನ್ನೇ ಕೇಳಿದ್ದರು, 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಕೊಡಲಿಲ್ಲ. ಅದಕ್ಕೇ ಬಾಡಿಯನ್ನು ಯಾರು ಬೇಕಾದರೂ ಮಾಡುತ್ತಾರೆ. ವಾರ್ಮತ್, ಆಲ್‌ಪಾರ್ಟ್ಸ್‌ನಂಥವರು ಲೈಸೆನ್ಸ್ ಪಡೆದೇ ಮಾಡುವವರು, ಅವರಿಗೆ ಒಳ್ಳೆಯ ಹೆಸರೂ ಇದೆ. ಆ ಹೆಸರು ಬಂದದ್ದು ಕೆಲಸದಿಂದ, ಮುದ್ರೆಯಿಂದ ಅಲ್ಲ. ಇನ್ನು ಮುದ್ರೆಯನ್ನೇ ನಕಲು ಮಾಡುವವರ ವಿಷಯ ಬಿಡಿ. ಮೇಲೆ ಹೇಳಿದ ಎಟಿಎಂ ಕಾರ್ಡ್ ಮುದ್ರೆ ಇರುವ ನೆಕ್ಕಿಗೂ ಬೇಕು.

ಪ್ರಶ್ನೆ: ಜುಲೈನಲ್ಲಿ ತರಿಸಿದ ನೆಕ್ ಚೆನ್ನಾಗಿತ್ತು. ಮಾರ್ಚ್ ಬಂದ ಮೇಲೆ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತಿವೆ. ಮೋಸ ಹೋದೆನಾ? (ಮೈಸೂರು)

ಉತ್ತರ: ಮೋಸ ಅನ್ನುವುದಕ್ಕಿಂತ ಅವಸರ. ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬಿರುತ್ತದೆ, ನಮ್ಮ ಮಾರ್ಚ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಮಾತ್ರ ಇದ್ದಷ್ಟೇ ಇರುತ್ತದೆ. ಒಳ್ಳೆಯ ತಯಾರಕರು ಮರವನ್ನು 6ರಿಂದ 8 ಶೇಕಡಾ ತೇವಕ್ಕೆ ಇಳಿಸಿಯೇ ಕೆಲಸ ಶುರುಮಾಡುತ್ತಾರೆ, ಅಷ್ಟು ಕಾಯದವರ ನೆಕ್ ಹೀಗೆ ಚುಚ್ಚುತ್ತದೆ. ಹುರಿದ ಮೇಪಲ್ ಅಂತ ಕಂದು ಬಣ್ಣದ ನೆಕ್ ಈಗ ಬರುತ್ತಿವೆ, ಆಮ್ಲಜನಕ ಕಡಿಮೆ ಮಾಡಿ ಬಿಸಿಯಲ್ಲಿ ಬೇಯಿಸಿದ್ದು, ಅವು ಹವೆಗೆ ಇಷ್ಟು ಆಡುವುದಿಲ್ಲ. ಆದರೆ ಸ್ವಲ್ಪ ಪೆಡಸು. ಸರಿಯಾದ ತೂತು ಹಾಕದೆ ಸ್ಕ್ರೂ ಬಿಗಿದರೆ ಸೀಳುತ್ತವೆ.

ನಿಮ್ಮ ನೆಕ್ಕಿನ ಹಿಂಭಾಗ ಬರಿಮರವೋ ಪಾಲಿಶ್ ಆಗಿದೆಯೋ ಬರೆದಿಲ್ಲ. ಮೇಪಲ್ ಬರಿಮರವಾಗಿದ್ದರೆ ಇದೇ ಒಣಗಿದ ದಿನಗಳಲ್ಲಿ ಎರಡು ಮೂರು ಕೈ ವಾರ್ನಿಶ್ ಹೊಡೆಯಿರಿ. ಬೆರಳಾಡುವ ಮುಖ ನಮ್ಮ ಬೀಟೆ ಮರದ್ದಾಗಿದ್ದರೆ (ಗಿಟಾರಿನವರು ಇಂಡಿಯನ್ ರೋಸ್‌ವುಡ್ ಅನ್ನುವುದು ಇದನ್ನೇ) ಅದಕ್ಕೆ ವಾರ್ನಿಶ್ ಬೇಡ. ಚುಚ್ಚುವ ತುದಿಗಳನ್ನು ಏಪ್ರಿಲ್ ಮುಗಿಯುವುದರೊಳಗೆ ಅರದಿಂದ ಸವರಿಸಿಬಿಡಿ, ಮರ ಪೂರ್ತಿ ಕುಗ್ಗಿರುವಾಗಲೇ. ಜೂನ್‌ಗೆ ಬಿಟ್ಟರೆ ತುದಿಗಳು ಒಳಗೆ ಹೋಗಿ ಕಾಣುವುದೇ ಇಲ್ಲ, ಮುಂದಿನ ಮಾರ್ಚಿಗೆ ಮತ್ತೆ ನನಗೆ ಪತ್ರ ಬರೆಯುತ್ತೀರಿ.